ಅಷ್ಟೊಂದು ಹ್ಯಾಶ್‌ಟ್ಯಾಗ್ ಹಾಕಿದರೂ ನಮ್ಮ ಇಳಕಲ್ ಸೀರೆಗೆ ಗಿರಾಕಿ ಯಾಕೆ ಬರುತ್ತಿಲ್ಲ?

ಓದುಗರ ಪ್ರಶ್ನೆ: ನಾವು ಮನೆಯಿಂದಲೇ ಇಳಕಲ್ ಸೀರೆ ಮಾರುತ್ತೇವೆ. ಎರಡು ವರ್ಷದಿಂದ ಇನ್‌ಸ್ಟಾಗ್ರಾಮ್‌ನಲ್ಲಿ ಫೋಟೊ ಹಾಕುತ್ತಿದ್ದೇನೆ. ಒಮ್ಮೊಮ್ಮೆ 30 ಹ್ಯಾಶ್‌ಟ್ಯಾಗ್ ಹಾಕಿದ್ದೂ ಉಂಟು. ಲೈಕ್ ಬರುತ್ತವೆ, ಗಿರಾಕಿ ಬರುವುದಿಲ್ಲ. ಎಷ್ಟು ಹಾಕಬೇಕು, ಯಾವುದನ್ನು ಹಾಕಬೇಕು?

ಎಷ್ಟು ಅನ್ನೋದಕ್ಕೆ ಉತ್ತರ ಚಿಕ್ಕದು. ಮೂರರಿಂದ ಐದು ಸಾಕು. 2021ರಲ್ಲಿ ಇನ್‌ಸ್ಟಾಗ್ರಾಮ್ ತಾನೇ ಕ್ರಿಯೇಟರ್‌ಗಳಿಗೆ ಕೊಟ್ಟ ಸಲಹೆ ಇದು. ಹತ್ತು, ಇಪ್ಪತ್ತು ಹಾಕಿದರೆ ಜಾಸ್ತಿ ಜನಕ್ಕೆ ಮುಟ್ಟುತ್ತದೆ ಅನ್ನುವುದು ಸರಿಯಲ್ಲ ಎಂದೂ ಆಗ ಹೇಳಿತ್ತು. ಅದರ ಮುಖ್ಯಸ್ಥ ಆಡಮ್ ಮೊಸ್ಸೆರಿ ಅವರೂ ಹ್ಯಾಶ್‌ಟ್ಯಾಗ್‌ನಿಂದ ನೋಡುವವರ ಸಂಖ್ಯೆ ಅಷ್ಟೇನೂ ಹೆಚ್ಚುವುದಿಲ್ಲ ಎಂದು ಮತ್ತೆ ಮತ್ತೆ ಹೇಳಿದ್ದಾರೆ. ಮೊದಲು ಒಂದು ಹ್ಯಾಶ್‌ಟ್ಯಾಗನ್ನೇ ಫಾಲೋ ಮಾಡುವ ಅವಕಾಶ ಇತ್ತು. 2024ರ ಡಿಸೆಂಬರ್‌ನಲ್ಲಿ ಅದನ್ನೂ ತೆಗೆದರು.

ಹಾಗಾದರೆ ಹಾಕುವುದಾದರೂ ಯಾಕೆ ಅಂತ ನೀವು ಕೇಳಬಹುದು. ಅದಕ್ಕೆ ಇದು ಹುಟ್ಟಿದ ಬಗೆಯನ್ನು ನೋಡಬೇಕು. 2007ರ ಆಗಸ್ಟ್ 23ರಂದು ಕ್ರಿಸ್ ಮೆಸ್ಸಿನಾ ಎಂಬುವವರು ಟ್ವಿಟರ್‌ನಲ್ಲಿ ಒಂದು ಸಲಹೆ ಇಟ್ಟರು. ಒಂದೇ ವಿಷಯ ಮಾತಾಡುವವರ ಮಾತನ್ನು ಒಟ್ಟಿಗೆ ಕಟ್ಟಲು # ಗುರುತು ಬಳಸಿದರೆ ಹೇಗೆ ಎಂದು ಕೇಳಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಮೆರಿಕದ ಸ್ಯಾನ್ ಡಿಯೇಗೊ ಸುತ್ತ ಕಾಳ್ಗಿಚ್ಚು ಹಬ್ಬಿತು. ಬೆಂಕಿ ಎಲ್ಲಿಗೆ ಬಂತು ಅನ್ನುವ ಸುದ್ದಿಯನ್ನು ಜನ ಒಂದೇ ಹ್ಯಾಶ್‌ಟ್ಯಾಗಿನಡಿ ಹುಡುಕಿದರು. ಅಂದರೆ ಇದು ಶುರುವಿನಿಂದಲೂ ಹುಡುಕುವವರಿಗಾಗಿ ಅಂಟಿಸುವ ಚೀಟಿ. ಡಂಗುರ ಸಾರುವ ಕೆಲಸ ಇದರದ್ದಲ್ಲ.

ಬಟ್ಟೆ ಅಂಗಡಿಯ ಕಪಾಟು ನೆನಪಿಸಿಕೊಳ್ಳಿ. ಬರೀ #ಸೀರೆ ಅಥವಾ #ಫ್ಯಾಶನ್ ಅಂತ ಹಾಕಿದರೆ ಲೆಕ್ಕವಿಲ್ಲದಷ್ಟು ಸೀರೆಗಳ ರಾಶಿಯೊಳಗೆ ನಿಮ್ಮದೊಂದನ್ನು ತೂರಿಸಿದ ಹಾಗೆ. ಅಲ್ಲಿ ಲೈಕ್ ಒತ್ತುವವರಲ್ಲಿ ಎಷ್ಟೋ ಜನಕ್ಕೆ ಸೀರೆ ಬೇಕಾಗಿಯೇ ಇರುವುದಿಲ್ಲ. ನಿಮಗೆ ಲೈಕ್ ಬಂದು ಗಿರಾಕಿ ಬಾರದಿರುವುದಕ್ಕೆ ಇದೇ ಕಾರಣ ಇರಬಹುದು ಅಂತ ನನಗನ್ನಿಸುತ್ತದೆ.

ಈಗ ಯಾವುದನ್ನು ಹಾಕಬೇಕು ಅನ್ನೋದು. ಇದರಲ್ಲೇ ಇರುವುದು ವಿಷಯ. ನೀವು ಸೀರೆಯನ್ನು ಏನೆಂದು ಕರೆಯುತ್ತೀರಿ ಅನ್ನುವುದಕ್ಕಿಂತ, ಕೊಳ್ಳುವವರು ಏನೆಂದು ಹುಡುಕುತ್ತಾರೆ ಅನ್ನುವುದು ಮುಖ್ಯ. ನಿಮ್ಮ ಸೀರೆಗೆ ಕರ್ನಾಟಕದಲ್ಲಿ ಎಷ್ಟು ಬೇಡಿಕೆ ಇದೆಯೋ, ಮಹಾರಾಷ್ಟ್ರದಲ್ಲೂ ಅದನ್ನು ಉಡುವವರು ಬಹಳ. ಆದರೆ ಅಲ್ಲಿ ಅದು ಇಳಕಲ್ ಅಲ್ಲ, ಇರಕಲ್! ಸೊಲ್ಲಾಪುರದ, ಕೊಲ್ಹಾಪುರದ ಹೆಣ್ಣುಮಗಳು ಆ ಹೆಸರಿನಲ್ಲೇ ಹುಡುಕುತ್ತಾಳೆ. ನಿಮ್ಮ ಟ್ಯಾಗಿನಲ್ಲಿ ಆ ಹೆಸರು ಇದೆಯಾ? ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗಲೂ ಅಷ್ಟೇ. ಇಳಕಲ್ ಅನ್ನು ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಹುಡುಕುವ ಜಾಗದಲ್ಲಿ ಎರಡು ಮೂರು ರೀತಿ ಟೈಪ್ ಮಾಡಿ ನೋಡಿ. ಯಾವುದರಲ್ಲಿ ನಿಜವಾಗಿ ಸೀರೆ ಮಾರುವವರೂ ಕೊಳ್ಳುವವರೂ ಇದ್ದಾರೋ ಅದನ್ನು ಇಟ್ಟುಕೊಳ್ಳಿ.

ಆಮೇಲೆ ಸೀರೆಯೊಳಗಿನ ಹೆಸರುಗಳು. ಗೋಪುರದಂಥ ವಿನ್ಯಾಸದ ತೋಪ್ ತೆನಿ ಸೆರಗು, ಗೋಮಿ ದಡಿ, ಚಿಕ್ಕಿ ಪರಾಸ್ ದಡಿ (ಎರಡೂ ಅಂಚಿನ ವಿನ್ಯಾಸಗಳು), ಕಸೂತಿ, ಜೊತೆಗೆ ರವಿಕೆಗೆ ಬಳಸುವ ಗುಳೇದಗುಡ್ಡದ ಖಣ. ಇವನ್ನು ಹುಡುಕುವವರು ಕಡಿಮೆ, ನಿಜ. ಆದರೆ ಗೋಮಿ ದಡಿ ಅಂತ ಹುಡುಕುವವರಿಗೆ ಸೀರೆ ಗೊತ್ತು, ಬೇಕಾಗಿರುವುದೂ ಗೊತ್ತು. ಅಂಥ ಹತ್ತು ಜನ ಬಂದರೆ ನಿಮ್ಮ ಮನೆ ವ್ಯಾಪಾರಕ್ಕೆ ದೊಡ್ಡದು.

ಕನ್ನಡದಲ್ಲೂ ಒಂದು ಟ್ಯಾಗ್ ಇರಲಿ. ಇಲ್ಲಿ ಒಂದು ತೊಡಕು ಇದೆ. ಹ್ಯಾಶ್‌ಟ್ಯಾಗಿನೊಳಗೆ ಜಾಗ ಬಿಡುವ ಹಾಗಿಲ್ಲ. ಇಳಕಲ್ ಮತ್ತು ಸೀರೆ ಎರಡನ್ನೂ ಕೂಡಿಸಿ ಟೈಪ್ ಮಾಡಿದರೆ #ಇಳಕಲ್ಸೀರೆ ಅಂತ ಆಗಿ, ಸಕಾರ ಒತ್ತಾಗಿ ಲಕಾರದ ಕೆಳಗೆ ಹೋಗಿಬಿಡುತ್ತದೆ. ಓದಲು ಕಷ್ಟ. ಜಾಗ ಬಿಟ್ಟರೆ ಬರೀ #ಇಳಕಲ್ ಮಾತ್ರ ಟ್ಯಾಗ್ ಆಗಿ, ಸೀರೆ ಹೊರಗೆ ಉಳಿಯುತ್ತದೆ. ನಡುವೆ ಕೆಳಗೆರೆ ಹಾಕಿ, #ಇಳಕಲ್_ಸೀರೆ ಅಂತ. ಪೋಸ್ಟ್ ಮಾಡಿದ ಮೇಲೆ ಅದನ್ನು ಒತ್ತಿ ನೋಡಿ. ಪೂರ್ತಿ ಟ್ಯಾಗ್ ತೆರೆದುಕೊಂಡರೆ ಸರಿ.

ಹೊಸ ಟ್ಯಾಗ್ ಬಳಸುವ ಮುಂಚೆ ಅದರೊಳಗೆ ಏನಿದೆ ಅಂತ ಒಮ್ಮೆ ನೋಡಲೇಬೇಕು. 2014ರಲ್ಲಿ ಅಮೆರಿಕದ ಡಿಜಿಯೊರ್ನೊ ಎಂಬ ಪಿಜ್ಜಾ ಕಂಪನಿ, ಆ ಹೊತ್ತಿಗೆ ಎಲ್ಲರೂ ಬಳಸುತ್ತಿದ್ದಾರೆ ಅಂತ ಒಂದು ಟ್ಯಾಗ್ ಹಿಡಿದು ತಮಾಷೆಯಾಗಿ ಪಿಜ್ಜಾ ಜಾಹೀರಾತು ಬರೆಯಿತು. ಆ ಟ್ಯಾಗಿನಡಿ ಹೆಂಗಸರು ಗಂಡನ ಹೊಡೆತ ತಿಂದರೂ ಯಾಕೆ ಮನೆ ಬಿಡಲಿಲ್ಲ ಅಂತ ನೋವು ಹೇಳಿಕೊಳ್ಳುತ್ತಿದ್ದರು. ಕಂಪನಿ ಕೂಡಲೇ ಅಳಿಸಿ ಕ್ಷಮೆ ಕೇಳಿತು. ಸುಮ್ನೆ ಟ್ರೆಂಡಿಂಗ್ ಇದೆ ಅಂತ ಸೀರೆ ಫೋಟೊಗೆ ಸಂಬಂಧವಿಲ್ಲದ ಟ್ಯಾಗ್ ಹಚ್ಚಬೇಡಿ.

ಸೀರೆಗೆ ಸಂಬಂಧಪಟ್ಟ ಹ್ಯಾಶ್‌ಟ್ಯಾಗುಗಳಲ್ಲಿ ನನಗೆ ತುಂಬ ಇಷ್ಟವಾದದ್ದು ನಮ್ಮ ಬೆಂಗಳೂರಿನದು. 2015ರಲ್ಲಿ ಅಂಜು ಮೌದ್ಗಲ್ ಕದಮ್ ಮತ್ತು ಆಲಿ ಮ್ಯಾಥನ್ ಎಂಬ ಗೆಳತಿಯರು ಆ ವರ್ಷ ನೂರು ಸಲ ಸೀರೆ ಉಡೋಣ ಎಂದು ಒಪ್ಪಂದ ಮಾಡಿಕೊಂಡು #100sareepact ಶುರು ಮಾಡಿದರು. ಪ್ರತಿ ಫೋಟೊ ಜೊತೆ ಆ ಸೀರೆಯ ಕಥೆ ಬರೆಯಬೇಕು. ಅಮ್ಮನ ಸೀರೆ, ಮೊದಲ ಸಂಬಳದ ಸೀರೆ, ಹೀಗೆ. ಎಷ್ಟೋ ಹೆಂಗಸರು ಕಪಾಟಿನಿಂದ ಸೀರೆ ತೆಗೆದು ಬರೆದರು. ಜನರನ್ನು ಸೆಳೆದದ್ದು ಕಥೆ. ಟ್ಯಾಗ್ ಆ ಕಥೆಗಳನ್ನು ಒಂದು ಕಡೆ ಇಟ್ಟಿತು. ನಿಮ್ಮ ಕೈಯಲ್ಲಿರುವುದು ಅದಕ್ಕಿಂತ ದೊಡ್ಡ ಕಥೆ. ಒಡಲಿನ ಹಾಸುನೂಲಿಗೆ (ಉದ್ದಕ್ಕೆ ಹಾಯುವ ಎಳೆಗಳಿಗೆ) ಸೆರಗಿನ ಹಾಸುನೂಲನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುವುದನ್ನು ಎಷ್ಟು ಜನ ನೋಡಿದ್ದಾರೆ? ಅದನ್ನೇ ಅರ್ಧ ನಿಮಿಷ ವಿಡಿಯೊ ಮಾಡಿ.

ಒಂದು ಮಾತು ಖಂಡಿತ ಹೇಳಬೇಕು. ಪವರ್‌ಲೂಮ್ ಸೀರೆಗೆ #ಕೈಮಗ್ಗ ಅಂತ ಹಾಕಬೇಡಿ. ಹಾಕುವವರು ಬಹಳ ಇದ್ದಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಕೈಮಗ್ಗದ ಮುಂದೆ ದಿನಗಟ್ಟಲೆ ಕೂತ ನೇಕಾರರ ಸೀರೆ ಅದೇ ಟ್ಯಾಗಿನಲ್ಲಿ ಅಗ್ಗದ ಸೀರೆಗಳ ಪಕ್ಕ ಬಂದಾಗ, ಇದಕ್ಯಾಕೆ ಇಷ್ಟು ಬೆಲೆ ಅಂತ ಗಿರಾಕಿ ಕೇಳುತ್ತಾರೆ. ಪವರ್‌ಲೂಮ್ ಸೀರೆ ಮಾರುವುದು ತಪ್ಪಲ್ಲ. ಅದನ್ನು ಹಾಗೆಂದೇ ಹೇಳಿ ಮಾರಿ. ನಿಮ್ಮದು ಕೈಮಗ್ಗದ್ದೇ ಆಗಿದ್ದರೆ ಆಗಸ್ಟ್ 7, ರಾಷ್ಟ್ರೀಯ ಕೈಮಗ್ಗ ದಿನ, ನಿಮಗೆ ಒಳ್ಳೆಯ ಸಮಯ. ಆ ವಾರ ಜನ ತಾವಾಗಿ ಕೈಮಗ್ಗದ ಬಗ್ಗೆ ಮಾತಾಡುತ್ತಾರೆ.

ಫಾಲೋವರ್ ಜಾಸ್ತಿ ಇರುವ ಯಾರಿಗಾದರೂ ಸೀರೆ ಪುಕ್ಕಟೆ ಕೊಟ್ಟು ಪೋಸ್ಟ್ ಹಾಕಿಸಿದರೆ, ಅದು ಜಾಹೀರಾತು ಅಂತ ಅವರು ಕಾಣುವ ಹಾಗೆ ಬರೆಯಬೇಕು. ಜಾಹೀರಾತು ಮಾನದಂಡ ಮಂಡಳಿಯ ಈ ನಿಯಮ 2021ರಿಂದ ಇದೆ.

ಇನ್ನು ಟ್ಯಾಗಿಗಿಂತ ಜಾಸ್ತಿ ಗಮನ ಕೊಡಬೇಕಾದದ್ದು ಫೋಟೊ ಕೆಳಗಿನ ಬರಹಕ್ಕೆ. 2025ರ ಜುಲೈನಿಂದ ವ್ಯಾಪಾರಿ ಖಾತೆಗಳ ಸಾರ್ವಜನಿಕ ಪೋಸ್ಟುಗಳು ಗೂಗಲ್ ಹುಡುಕಾಟದಲ್ಲೂ ಸಿಗುವಂತೆ ಇನ್‌ಸ್ಟಾಗ್ರಾಮ್ ಮಾಡಿದೆ. ಬರೀ ಹೃದಯದ ಚಿತ್ರ ಹಾಕಿ ಬಿಟ್ಟರೆ ಹುಡುಕುವವರಿಗೆ ಸಿಗಲು ಅಲ್ಲಿ ಏನಿರುತ್ತದೆ ಹೇಳಿ? ನಾನಾಗಿದ್ದರೆ ಹೀಗೆ ಬರೆಯುತ್ತೇನೆ:

ದಾಳಿಂಬೆ ಕೆಂಪು ಇಳಕಲ್ ಸೀರೆ, ಗೋಮಿ ದಡಿ, ತೋಪ್ ತೆನಿ ಸೆರಗು. ಕೈಮಗ್ಗದಲ್ಲಿ ನೇಯ್ದದ್ದು. ಒಡಲು ಹತ್ತಿ, ಸೆರಗು ರೇಷ್ಮೆ. ಹೊಂದುವ ಗುಳೇದಗುಡ್ಡ ಖಣವೂ ಇದೆ. ಇಳಕಲ್‌ನಿಂದ ಅಂಚೆಯಲ್ಲಿ ಕಳಿಸುತ್ತೇವೆ. #ಇಳಕಲ್_ಸೀರೆ #irkal #ಗೋಮಿದಡಿ #ಕೈಮಗ್ಗ

ಜೊತೆಗೆ ಬೆಲೆಯನ್ನೂ ಬರೆಯಿರಿ. ಬೆಲೆಗೆ ಮೆಸೇಜ್ ಮಾಡಿ ಅಂದರೆ ಎಷ್ಟೋ ಜನ ಸಂಕೋಚಪಟ್ಟು ಮುಂದೆ ಹೋಗುತ್ತಾರೆ. ಮುಂದಿನ ಸಲ ಯಾರಾದರೂ ಸೀರೆ ಕೊಂಡಾಗ, ನೀವು ಏನಂತ ಹುಡುಕಿದಾಗ ನಾವು ಸಿಕ್ಕಿದ್ವಿ ಅಂತ ಒಂದು ಮಾತು ಕೇಳಿ. ಅವರು ಹೇಳುವ ಹೆಸರನ್ನು ಬರೆದಿಟ್ಟುಕೊಂಡು ಮುಂದಿನ ಪೋಸ್ಟಿಗೆ ಹಾಕಿ.