ಗುವಾನ್ ಯು ಕಾಯ್ತಿದ್ದ ಜಿಂಗ್‌ಝೌ ಈಗಿನ ಜಿಂಗ್‌ಝೌ ಸಿಟಿನೇನಾ?

ಮತ್ತೆ ಅದೇ ಪ್ರಶ್ನೆ ಬಂದಿದೆ: "ಸರ್, ಚೀನಾದ ಮೂರು ರಾಜ್ಯಗಳ ಕಾಲದ (ಕ್ರಿ.ಶ. 3ನೇ ಶತಮಾನ) ಜಿಂಗ್‌ಝೌ ಅಂದ್ರೆ ಈಗ ಮ್ಯಾಪಲ್ಲಿರೋ ಜಿಂಗ್‌ಝೌ ತಾನೆ? ಹಾಗಿದ್ರೆ ಲಿಯು ಬಿಯಾವೊ ಯಾಕೆ ಶಿಯಾಂಗ್‌ಯಾಂಗಲ್ಲಿ ಕೂತು ಆಳ್ತಿದ್ದ?"

ಲಿಯು ಬೈ ಅನ್ನೋ ನಾಯಕನ ಸೇನಾಪತಿ ಗುವಾನ್ ಯು ಮಟ್ಟಿಗೆ ಹೌದು, ಅವನಿದ್ದ ಜಿಯಾಂಗ್‌ಲಿಂಗ್ ಈಗಿನ ಜಿಂಗ್‌ಝೌ ಸಿಟಿ ಜಾಗನೇ. ಮಿಕ್ಕವರ ಮಟ್ಟಿಗೆ ಅಲ್ಲ.

ಹೆಸರು ಒಂದೇ ಆದ್ರೆ ಊರೂ ಒಂದೇ ಅನ್ನೋ ಈ ಭೂತ ಎಷ್ಟು ಬಿಡಿಸಿದ್ರೂ ಬಿಡಲ್ಲ. ಜಿಂಗ್‌ಝೌ ಆಗ ಊರೇ ಅಲ್ಲ ಮಾರಾಯ್ರೆ, ಪ್ರಾಂತ್ಯ! ಪೂರ್ವ ಹಾನ್ ಕಾಲದಲ್ಲಿ (ಕ್ರಿ.ಶ. 25-220) ಅದರ ಕೆಳಗೆ 7 ಜಿಲ್ಲೆ, ಈಗಿನ ಹುಬೈ, ಹುನಾನ್ ಬಹುಪಾಲು ಅದರೊಳಗೇ, ಮೇಲೆ ಹೆನಾನ್‌ನ ನಾನ್‌ಯಾಂಗ್ ಬೇರೆ. ಕೇಂದ್ರ ಇದ್ದಿದ್ದು ಹಾನ್‌ಶೌನಲ್ಲಿ, ಅಂದ್ರೆ ಹುನಾನ್‌ನ ಚಾಂಗ್‌ಡೆ ಹತ್ರ. 190ರಲ್ಲಿ ಪ್ರಾಂತ್ಯ ಆಳೋಕೆ ನೇಮಕ ಆಗಿ ಬಂದ ಲಿಯು ಬಿಯಾವೊ ಅದನ್ನ ಉತ್ತರದ ಶಿಯಾಂಗ್‌ಯಾಂಗ್‌ಗೆ ಒಯ್ದ, 208ರಲ್ಲಿ ಅವನು ಸತ್ತು ಮಗ ಉತ್ತರ ಆಳ್ತಿದ್ದ ತ್ಸಾವೊ ತ್ಸಾವೊಗೆ ಶರಣಾದ, ಮರುವರ್ಷ ವೂ ಕಡೆಯ ಸೇನಾಪತಿ ಝೌ ಯು ಜಿಯಾಂಗ್‌ಲಿಂಗ್ ಹಿಡಿದ, ಆಮೇಲೆ ಅದು ಲಿಯು ಬೈ ಕೈಗೆ ಬಂದು 219ರಲ್ಲಿ ಗುವಾನ್ ಯು ಕೈಯಿಂದ ಹೋಯ್ತು. ಅಲ್ಲಿಂದ ಮುಂದೆ ಉತ್ತರದ ವೈ ರಾಜ್ಯಕ್ಕೊಂದು ಜಿಂಗ್‌ಝೌ, ದಕ್ಷಿಣದ ವೂ ರಾಜ್ಯಕ್ಕೊಂದು. ಈಗ ಹೇಳಿ, ಯಾವ ಜಿಂಗ್‌ಝೌ, ಯಾವ ವರ್ಷದ್ದು?

"ಅಲ್ಲಿ ಕೋಟೆ ಗೋಡೆ ಇದೆಯಲ್ಲ ಸರ್" ಅಂತಾರೆ. ಇದೆ, ಆದ್ರೆ ಫೋಟೋದಲ್ಲಿ ಕಾಣೋ ಇಟ್ಟಿಗೆ ಗೋಡೆ 1646ರಲ್ಲಿ ಚಿಂಗ್ ಕಾಲದವರು ಮತ್ತೆ ಕಟ್ಟಿದ್ದು. ಸಿಟಿಗೆ ಈಗಿನ ಹೆಸರು ಬಂದಿದ್ದು 1996ರಲ್ಲಿ, ಅದಕ್ಕೂ ಮುಂಚೆ ಎರಡು ವರ್ಷ ಜಿಂಗ್‌ಶಾ ಅಂತಿತ್ತು. ಇನ್ನೂ ಮಜಾ ಏನಂದ್ರೆ ಜಿಯಾಂಗ್‌ಲಿಂಗ್ ಅನ್ನೋ ತಾಲೂಕು ಈಗಲೂ ಇದೆ, ಅದರ ಕಚೇರಿ ಮಾತ್ರ ಹಳೇ ಜಿಯಾಂಗ್‌ಲಿಂಗಲ್ಲಿಲ್ಲ, ಯಾಂಗ್ಟ್ಸೆ ನದಿ ಹರಿವಿನಲ್ಲಿ ಅಲ್ಲಿಂದ ಕೆಳಕ್ಕಿರೋ ಹಾವೊಶುಯೆಯಲ್ಲಿದೆ.

ಹಾಗಾದ್ರೆ ಹಳೇ ಕೇಂದ್ರ ಎಲ್ಲಿತ್ತು ಅಂತ ಗೊತ್ತಾಗೋದು ಹೇಗೆ? ಯಾರೂ ಕೇಳಲ್ಲ, ನಾನೇ ಹೇಳ್ತೀನಿ. ಪೂರ್ವ ಹಾನ್ ಭೂಗೋಳದ ಪಟ್ಟಿಯಲ್ಲಿ ಜಿಲ್ಲೆ ಕೆಳಗೆ ಮೊದಲು ಬರೆದ ತಾಲೂಕೇ ಜಿಲ್ಲಾ ಕೇಂದ್ರ ಅಂತ ಅದರಲ್ಲೇ ಬರೆದಿದೆ. ಅದಕ್ಕೂ ಮುಂಚಿನ ಪಶ್ಚಿಮ ಹಾನ್ ಪಟ್ಟಿಯಲ್ಲಿ ಆ ಮಾತಿಲ್ಲ, ಆದ್ರೂ ಜನ ಅದೇ ನಿಯಮ ಅಲ್ಲಿಗೂ ಹಾಕಿಬಿಡ್ತಾರೆ.

ಅದಕ್ಕೇ ಮಣ್ಣಲ್ಲಿ ಸಿಕ್ಕಿದ್ದಕ್ಕೆ ಬೆಲೆ. 2002ರಲ್ಲಿ ಹುನಾನ್‌ನ ಲಿಯೆ ಊರಿನ ಹಾಳು ಬಾವಿಯಲ್ಲಿ ಚಿನ್ ಕಾಲದ (ಹಾನ್‌ಗಿಂತ ಮುಂಚಿನದು, ಕ್ರಿ.ಪೂ. 3ನೇ ಶತಮಾನ) 36,000ಕ್ಕೂ ಹೆಚ್ಚು ಬರಹ ಇರೋ ಮರದ ಪಟ್ಟಿಗಳು ಸಿಕ್ವು, ಚಿಯಾನ್‌ಲಿಂಗ್ ತಾಲೂಕು ಕೇಂದ್ರ ಇದೇ ಅಂತ ಗೊತ್ತಾಯ್ತು, ಹಳೇ ಪುಸ್ತಕಗಳ ಪಟ್ಟಿಯಲ್ಲೇ ಇಲ್ಲದ ಡೊಂಗ್‌ಟಿಂಗ್ ಅನ್ನೋ ಜಿಲ್ಲೆನೂ ಎದ್ದುಬಂತು. ಅದರಲ್ಲೊಂದು ಹಲಗೆ ಬರೀ ದೂರಗಳದ್ದು: ಜಿಯಾಂಗ್‌ಲಿಂಗಿಂದ ಚಾನ್‌ಲಿಂಗ್ 110 ಲೀ, ಸುವೊದಿಂದ ಲಿನ್‌ಯುವಾನ್ 60, ಲಿನ್‌ಯುವಾನಿಂದ ಚಿಯಾನ್‌ಲಿಂಗ್ 910. ಆಗಿನ ಲೀ ಸುಮಾರು 415 ಮೀಟರ್, ಅಂದ್ರೆ ಆ 910 ಸುಮಾರು 378 ಕಿಮೀ ಆಯ್ತು. ಲಿನ್‌ಯುವಾನ್ ಅಂದ್ರೆ ಈಗಿನ ಚಾಂಗ್‌ಡೆ, ಅಲ್ಲಿಂದ ಲಿಯೆಗೆ ಮ್ಯಾಪಲ್ಲಿ ನೇರ ಗೆರೆ ಎಳೆದ್ರೆ 250 ಕಿಮೀನೂ ಬರಲ್ಲ. ಹಲಗೆ ತಪ್ಪಲ್ಲ, ಅವರು ಬರೆದಿದ್ದು ಗುಡ್ಡ ಹೊಳೆ ಸುತ್ತಿ ಹೋಗೋ ದಾರಿಯ ದೂರ, ಸ್ಕೇಲ್ ಇಟ್ಟು ಅಳೆದವರು ಕೇಂದ್ರನ ಎಲ್ಲೋ ಆಚೆ ಕಾಡಲ್ಲಿ ಇಟ್ಟುಬರ್ತಾರೆ.