ಏಳನ್ನು ದಾಟದ ಆಮ್ಲ

ಒಂದು ಲೋಟದಲ್ಲಿ ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲ ಇದೆ, ಅದರ ಪಿಎಚ್, ಅಂದರೆ ಆಮ್ಲೀಯತೆಯ ಅಳತೆ, 1 ಅಂದುಕೊಳ್ಳಿ (ಸಂಖ್ಯೆ ಕಡಿಮೆಯಾದಷ್ಟೂ ಆಮ್ಲೀಯತೆ ಜಾಸ್ತಿ). ಅದರಲ್ಲಿ ಒಂದು ಪಾಲು ತೆಗೆದು ಒಂಬತ್ತು ಪಾಲು ಶುದ್ಧ ನೀರಿಗೆ ಬೆರೆಸಿದರೆ ಪಿಎಚ್ 2 ಆಗುತ್ತದೆ. (ದಟ್ಟ ಆಮ್ಲವಾದರೂ ಇದೇ ಕ್ರಮ: ನೀರಿಗೆ ಆಮ್ಲ ಹಾಕಬೇಕು. ಆಮ್ಲಕ್ಕೆ ನೀರು ಸುರಿದರೆ ಕುದಿದು ಮುಖಕ್ಕೇ ಸಿಡಿಯಬಹುದು.) ಇನ್ನೊಮ್ಮೆ ಹಾಗೇ ಮಾಡಿದರೆ 3. ಪ್ರತಿ ಸಲ ಹತ್ತು ಪಟ್ಟು ತೆಳು, ಪ್ರತಿ ಸಲ ಒಂದು ಮೆಟ್ಟಿಲು ಮೇಲೆ. ಏಳು ಸಲ ಮಾಡಿದರೆ 8 ಬರಬೇಕು, ಅಲ್ವಾ? ಏಳಕ್ಕಿಂತ ಮೇಲಿರುವುದು ಪ್ರತ್ಯಾಮ್ಲ ಎಂದು ಶಾಲೆಯಲ್ಲೇ ಕಲಿತಿದ್ದೇವೆ. ಹಾಗಾದರೆ ಸುಮ್ನೆ ನೀರು ಬೆರೆಸಿದ್ದಕ್ಕೇ ಆಮ್ಲ ಜಾತಿ ಬದಲಿಸಿತೇ?

ಇಲ್ಲ. ಪಿಎಚ್ ಸುಮಾರು 6.98ಕ್ಕೆ ಬಂದು ನಿಲ್ಲುತ್ತದೆ. ನಾವು ಲೆಕ್ಕಕ್ಕೆ ಹಿಡಿಯದೆ ಬಿಟ್ಟದ್ದು ನೀರನ್ನು. ಅದೇನೂ ಸುಮ್ಮನೆ ಕೂತಿರುವುದಿಲ್ಲ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 55 ಕೋಟಿ ನೀರಿನ ಅಣುಗಳಲ್ಲಿ ಒಂದು ಯಾವಾಗಲೂ ಒಡೆದಿರುತ್ತದೆ: ಒಂದು ಹೈಡ್ರೋಜನ್ ಅಯಾನು, ಒಂದು ಹೈಡ್ರಾಕ್ಸೈಡ್ ಅಯಾನು (ಅಯಾನು ಅಂದರೆ ವಿದ್ಯುದಾವೇಶವಿರುವ ಕಣ). ಪಿಎಚ್ ಎಣಿಸುವುದು ಹೈಡ್ರೋಜನ್ ಅಯಾನುಗಳನ್ನೇ. ತೀರಾ ಕಡಿಮೆ ಅನ್ನಿಸುತ್ತದೆ. ಆದರೆ ನಮ್ಮ ಆಮ್ಲ ಏಳನೇ ಸಲ ತೆಳುವಾಗುವಷ್ಟರಲ್ಲಿ, ಅದು ಕೊಡುವ ಹೈಡ್ರೋಜನ್ ಅಯಾನುಗಳಿಗಿಂತ ನೀರಿನದ್ದೇ ಜಾಸ್ತಿ.

ಶುದ್ಧ ನೀರಿನಲ್ಲಿ ಲೀಟರಿಗೆ 0.0000001 ಮೋಲ್ (ಕಣಗಳನ್ನು ಎಣಿಸುವ ಅಳತೆ) ಹೈಡ್ರೋಜನ್ ಅಯಾನು ಇರುತ್ತದೆ. ಇಂಥ ಸೊನ್ನೆಗಳ ಸಾಲನ್ನು ಬರೆಯುವ ಕಷ್ಟ ತಪ್ಪಿಸಿದವರು ಡೆನ್ಮಾರ್ಕಿನ ಸೋರೆನ್ ಸೋರೆನ್ಸೆನ್. ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಕಿಣ್ವಗಳ ಅಧ್ಯಯನ ಮಾಡುತ್ತಿದ್ದ ಅವರು 1909ರಲ್ಲಿ ಪಿಎಚ್ ಅಳತೆಯನ್ನು ತಂದರು. 0.0000001 ಅಂದರೆ ಹತ್ತರ ಮೈನಸ್ ಏಳನೇ ಘಾತ. ಆ ಘಾತವನ್ನಷ್ಟೇ ಉಳಿಸಿಕೊಂಡು ಋಣ ಚಿಹ್ನೆ ಕಿತ್ತುಹಾಕಿದರೆ ಏಳು.

ಅನುಕೂಲವೇನೋ ಆಯಿತು. ಆದರೆ ಈ ಪುಟ್ಟ ಸಂಖ್ಯೆಗಳು ನಮ್ಮನ್ನು ಚೆನ್ನಾಗಿ ಯಾಮಾರಿಸುತ್ತವೆ ಅನ್ನುವುದು ನನ್ನ ತಕರಾರು. ಕೈಗಾರಿಕಾ ಕ್ರಾಂತಿಯಿಂದ ಈಚೆಗೆ ಸಮುದ್ರದ ಮೇಲ್ಪದರದ ಪಿಎಚ್ ಸುಮಾರು 8.2ರಿಂದ 8.1ಕ್ಕೆ ಇಳಿದಿದೆ. ಬರೀ 0.1 ತಾನೇ ಎಂದುಕೊಂಡರೆ ಕೆಟ್ಟೆವು. ಹೈಡ್ರೋಜನ್ ಅಯಾನುಗಳು ಕಾಲು ಭಾಗದಷ್ಟು ಹೆಚ್ಚಾಗಿವೆ ಎಂದು ಅದರ ಅರ್ಥ.

ಇನ್ನೊಂದು ಮೋಸ ಇದೆ. ಲೀಟರಿಗೆ 0.1 ಮೋಲ್ ಹೈಡ್ರೋಕ್ಲೋರಿಕ್ ಆಮ್ಲ ಕರಗಿಸಿದರೆ ಪಿಎಚ್ 1. ಅಷ್ಟೇ ಮೋಲ್ ಅಸಿಟಿಕ್ ಆಮ್ಲ, ಅಂದರೆ ವಿನೆಗರ್‌ನಲ್ಲಿರುವ ಆಮ್ಲ, ಕರಗಿಸಿದರೆ ಸುಮಾರು 2.9. ಎರಡನೆಯದು ಎಷ್ಟೋ ಪಟ್ಟು ಸೌಮ್ಯ. ಆದರೆ ಇವೆರಡನ್ನೂ ತಟಸ್ಥಗೊಳಿಸಲು ಬೇಕಾಗುವ ಕಾಸ್ಟಿಕ್ ಸೋಡಾ ಮಾತ್ರ ಒಂದೇ ಅಳತೆ! ಅಸಿಟಿಕ್ ಆಮ್ಲದ ನೂರು ಅಣುಗಳಲ್ಲಿ ಒಂದೋ ಎರಡೋ ಮಾತ್ರ ಹೈಡ್ರೋಜನ್ ಅಯಾನನ್ನು ಬಿಟ್ಟುಕೊಟ್ಟಿರುತ್ತವೆ. ಉಳಿದವು ಗಂಟು ಬಿಚ್ಚುವುದಿಲ್ಲ. ಸೋಡಾ ಬಂದು ಹೊರಗಿದ್ದದ್ದನ್ನು ಕಬಳಿಸುತ್ತಾ ಹೋದಂತೆ ಒಂದೊಂದಾಗಿ ಬಿಚ್ಚುತ್ತವೆ. ಪಿಎಚ್ ಎಣಿಸುವುದು ಹೊರಗೆ ಬಿದ್ದದ್ದನ್ನು ಮಾತ್ರ, ಗಂಟಿನಲ್ಲಿರುವುದನ್ನಲ್ಲ. ನೀರು ಬೆರೆಸಿದಾಗಲೂ ಇದೇ ಕಥೆ: ಹತ್ತು ಪಟ್ಟು ತೆಳು ಮಾಡಿದರೂ ಅಸಿಟಿಕ್ ಆಮ್ಲ ಏರುವುದು ಅರ್ಧ ಮೆಟ್ಟಿಲು.

ಈ ಗಂಟಿನಿಂದಲೇ ನಾವು ಬದುಕಿದ್ದೇವೆ. ಒಂದು ಲೀಟರ್ ಶುದ್ಧ ನೀರಿಗೆ ಪಿಎಚ್ ಸೊನ್ನೆಯ ಆಮ್ಲದ ಒಂದೇ ಒಂದು ಹನಿ ಹಾಕಿ. ಪಿಎಚ್ 7ರಿಂದ ದಬಕ್ಕನೆ 4.3ಕ್ಕೆ ಬೀಳುತ್ತದೆ, ಹೈಡ್ರೋಜನ್ ಅಯಾನುಗಳು 500 ಪಟ್ಟು. ಅದೇ ಹನಿ ಒಂದು ಲೀಟರ್ ರಕ್ತಕ್ಕೆ ಬಿದ್ದರೆ ಹೆಚ್ಚುಕಡಿಮೆ ಏನೂ ಆಗುವುದಿಲ್ಲ. ರಕ್ತದಲ್ಲಿರುವ ಬೈಕಾರ್ಬೊನೇಟ್ ಆ ಅಯಾನುಗಳನ್ನು ಹಿಡಿದುಕೊಂಡು ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾಗಿ ಬದಲಾಗುತ್ತದೆ. ಆ ಅನಿಲವನ್ನು ನಾವು ಉಸಿರಿನ ಜೊತೆ ಹೊರಗೆ ಹಾಕುತ್ತೇವೆ. ರಕ್ತದ ಪಿಎಚ್ 7.35ರಿಂದ 7.45ರೊಳಗೆ ನಿಲ್ಲುವುದು ಹೀಗೆ, ಜೊತೆಗೆ ಮೂತ್ರಪಿಂಡಗಳ ಕೆಲಸವೂ ಸೇರಿ. ಇಂಥ ದ್ರಾವಣಕ್ಕೆ ಬಫರ್ ಎಂದು ಹೆಸರು.

ಸೊನ್ನೆಯಿಂದ ಹದಿನಾಲ್ಕು ಅನ್ನುವುದೂ ಕಲ್ಲಿನ ಮೇಲಿನ ಗೆರೆಯಲ್ಲ. ಕ್ಯಾಲಿಫೋರ್ನಿಯಾದ ಐರನ್ ಮೌಂಟನ್ ಗಣಿಯೊಳಗಿನ ನೀರಿನಲ್ಲಿ ಪಿಎಚ್ ಮೈನಸ್ 3.6 ದಾಖಲಾಗಿದೆ.

ಏಳು ಕೂಡ ಅಷ್ಟೇ. ಬಿಸಿಯಾದಂತೆ ನೀರಿನ ಅಣುಗಳು ಜಾಸ್ತಿ ಒಡೆಯುತ್ತವೆ. 100 ಡಿಗ್ರಿಯ ಶುದ್ಧ ನೀರಿನ ಪಿಎಚ್ ಸುಮಾರು 6.1. ಹಾಗಂತ ಅದು ಆಮ್ಲವಲ್ಲ. ಹೈಡ್ರೋಜನ್ ಅಯಾನು ಎಷ್ಟು ಹೆಚ್ಚಿತೋ, ಹೈಡ್ರಾಕ್ಸೈಡ್ ಕೂಡ ಅಷ್ಟೇ ಹೆಚ್ಚಿರುತ್ತದೆ.