ಬಾಯ್ಲರ್ ಕೋಳಿಯನ್ನು ಮನೆಯಲ್ಲಿ ಸಾಕಿದರೆ ಬದುಕುತ್ತಾ?

ಪ್ರಶ್ನೆ: ಮಗಳು ಹಟ ಮಾಡಿದಳು ಅಂತ 2 ತಿಂಗಳ ಹಿಂದೆ ಒಂದು ಬಾಯ್ಲರ್ ಮರಿ ತಂದೆವು. ಈಗ ಮೂರೂವರೆ ಕೆಜಿ ಇದೆ. ನಾಲ್ಕು ಹೆಜ್ಜೆ ಇಟ್ಟರೆ ಕೂತುಬಿಡುತ್ತದೆ. "ಅದು 40 ದಿನದ ಕೋಳಿ ಕಣ್ರೀ, ಉಳಿಯಲ್ಲ" ಅಂತಾರೆ ಕೋಳಿ ಅಂಗಡಿಯವರು. ನಿಜಾನಾ?

ಉತ್ತರ: ಪೂರ್ತಿ ನಿಜವಲ್ಲ. 40 ದಿನ ಅನ್ನುವುದು ಅದರ ಆಯಸ್ಸಲ್ಲ, ಅದನ್ನು ಮಾರುವ ಹೊತ್ತು. ಹೊಟ್ಟೆ ತುಂಬಾ ಹಾಕುತ್ತಾ ಹೋದರೆ ಮಾತ್ರ ಅಂಗಡಿಯವರ ಮಾತು ನಿಜವಾಗಿಬಿಡುತ್ತದೆ.

ನಿಮ್ಮ ಕೋಳಿಯ ಅಪ್ಪ ಅಮ್ಮನನ್ನೇ ನೋಡಿ. ಮರಿ ಮಾಡಿಸಲು ಸಾಕುವ ಆ ಕೋಳಿಗಳು 60 ವಾರ ದಾಟಿ ಇರುತ್ತವೆ. ಅದೇ ರಕ್ತ, ಅದೇ ಹಸಿವು. ಆದರೆ ಅವುಗಳಿಗೆ ಫೀಡ್ ತೂಗಿ ಹಾಕುತ್ತಾರೆ. ಮರಿ 6 ವಾರಕ್ಕೇ 2 ಕೆಜಿ ದಾಟಿದರೆ, ತಾಯಿ ಆ ತೂಕಕ್ಕೆ ಬರುವುದು ಸುಮಾರು 20 ವಾರಕ್ಕೆ.

ಇಂಜೆಕ್ಷನ್ ಕೊಟ್ಟು ಬೆಳೆಸುತ್ತಾರೆ ಅನ್ನುವುದು ಸುಮ್ನೆ ಮಾತು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957ರ ತಳಿಯನ್ನೂ 2005ರ ತಳಿಯನ್ನೂ ಒಂದೇ ಆಹಾರ ಹಾಕಿ ಬೆಳೆಸಿ ನೋಡಿದರು. 56ನೇ ದಿನ ಹಳೇ ತಳಿ 905 ಗ್ರಾಂ, ಹೊಸದು 4 ಕೆಜಿಗೂ ಜಾಸ್ತಿ. ಬೇಗ ತೂಕ ಬರುವವನ್ನೇ ಆರಿಸಿ ಆರಿಸಿ ಮರಿ ಮಾಡಿಸಿದ್ದರ ಫಲ ಇದು. ಹಾಗೆ ಆರಿಸುವಾಗ ಹಸಿವೂ ಬೆಳೆಯಿತು, "ಸಾಕು" ಅನ್ನುವುದು ಮಾತ್ರ ಮರೆತುಹೋಯಿತು. ಎದೆ ಮಾಂಸ ಬೆಳೆದ ವೇಗಕ್ಕೆ ಕಾಲು, ಹೃದಯ, ಶ್ವಾಸಕೋಶ ಬೆಳೆಯಲಿಲ್ಲ. ನಿಮ್ಮ ಕೋಳಿ ನಾಲ್ಕು ಹೆಜ್ಜೆಗೇ ಕೂರುವುದಕ್ಕೆ ಮುಖ್ಯ ಕಾರಣ ಇದೇ ಇರಬೇಕು.

ಹಾಗಾಗಿ ಇಂದಿನಿಂದಲೇ ತಟ್ಟೆಯಲ್ಲಿ ಫೀಡ್ ಇಟ್ಟು ಹೋಗುವುದನ್ನು ಬಿಡಿ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ತೂಗಿ ಹಾಕಿ. ಒಮ್ಮೆಲೇ ಅರ್ಧಕ್ಕೆ ಇಳಿಸಬೇಡಿ, ಹತ್ತು ಹನ್ನೆರಡು ದಿನದಲ್ಲಿ ನಿಧಾನಕ್ಕೆ ದಿನಕ್ಕೆ 100–120 ಗ್ರಾಂಗೆ ತನ್ನಿ. ಮಾರುವ ಮುಂಚೆ ತೂಕ ಏರಿಸಲು ಹಾಕುವ ಬಾಯ್ಲರ್ ಫಿನಿಷರ್ ಫೀಡ್ ನಿಲ್ಲಿಸಿ, 16% ಪ್ರೋಟೀನ್ ಇರುವ, ಬೆಳೆಯುವ ಕೋಳಿಗಳ ಗ್ರೋವರ್ ಫೀಡ್ ಕೊಡಿ. ಮೊಟ್ಟೆ ಕೋಳಿಯ ಲೇಯರ್ ಫೀಡ್ ಬೇಡ. ಅದರಲ್ಲಿ ಸುಣ್ಣದ ಅಂಶ ಜಾಸ್ತಿ, ಇನ್ನೂ ಮೊಟ್ಟೆ ಇಡದ ಕೋಳಿಯ ಮೂತ್ರಪಿಂಡಕ್ಕೆ ಪೆಟ್ಟು. ಹೊಟ್ಟೆ ತುಂಬಿದ ಹಾಗೆ ಅನ್ನಿಸಲು ನುಗ್ಗೆ ಸೊಪ್ಪು, ಪಾಲಕ್, ಸೌತೆಕಾಯಿ ಕೊಡಬಹುದು. ಅನ್ನ, ಚಪಾತಿ, ಮಿಕ್ಸ್ಚರ್ ಬೇಡ. ಮಗಳು ಕದ್ದು ಬಿಸ್ಕತ್ತು ಹಾಕುತ್ತಾಳೆ, ನೋಡ್ತಾ ಇರಿ!

ಪ್ರತಿ ಭಾನುವಾರ ಬಟ್ಟೆ ಚೀಲದಲ್ಲಿ ಕೂರಿಸಿ ಕೊಕ್ಕೆ ತಕ್ಕಡಿಗೆ ತೂಗುಹಾಕಿ. ತೂಕ ಏರುತ್ತಲೇ ಇದ್ದರೆ ಇನ್ನೂ 10 ಗ್ರಾಂ ಕಡಿಮೆ. ಸರಸರ ಇಳಿಯುತ್ತಿದ್ದರೆ ಸ್ವಲ್ಪ ಜಾಸ್ತಿ.

ನಮ್ಮನೆಯ ಹೇಂಟೆಯೂ ನಿಮ್ಮದರ ಹಾಗೇ ತಟ್ಟೆಯ ಮುಂದೆ ಕೂತೇ ತಿನ್ನುತ್ತಿತ್ತು. ಕತ್ತು ಮಾತ್ರ ಆಡುತ್ತಿತ್ತು, ಮೈ ಅಲ್ಲಾಡುತ್ತಿರಲಿಲ್ಲ. ಆಮೇಲೆ ನೀರನ್ನು ಅಂಗಳದ ಒಂದು ತುದಿಗೆ, ತಟ್ಟೆಯನ್ನು ಇನ್ನೊಂದು ತುದಿಗೆ ಇಟ್ಟೆ. ಸಂಜೆ ಒಂದು ಹಿಡಿ ಕಾಳನ್ನು ಒಣ ಎಲೆಗಳ ಮೇಲೆ ಎರಚಿದೆ. ಮೊದಲ ವಾರ ನನ್ನನ್ನು ನೋಡಿ ಬೈದ ಹಾಗೇ ಕೂಗುತ್ತಿತ್ತು. ಮೂರನೇ ವಾರಕ್ಕೆ ಎದ್ದು ಕೆದಕಲು ಶುರು ಮಾಡಿತು. ಆದರೆ ಓಡಿಸಬೇಡಿ, ದಣಿವಾದರೆ ಹೃದಯ ನಿಲ್ಲುವ ಅಪಾಯ ಇದೆ. ಬೆನ್ನ ಮೇಲೆ ಮಲಗಿಸಿ ಆಡಿಸುವುದಂತೂ ಬೇಡವೇ ಬೇಡ. ಎದೆಯ ಭಾರಕ್ಕೆ ಉಸಿರು ಕಟ್ಟುತ್ತದೆ. ಮಗಳಿಗೆ ಇದನ್ನು ಎರಡು ಸಲ ಹೇಳಿ.

ಮಲಗುವ ಜಾಗಕ್ಕೆ ನಾಲ್ಕು ಬೆರಳು ದಪ್ಪ ಭತ್ತದ ಹೊಟ್ಟು ಹಾಕಿ. ಒದ್ದೆಯಾದದ್ದನ್ನು ಅಂದೇ ತೆಗೆಯಿರಿ. ಎತ್ತರದ ಕೋಲಿನಿಂದ ಧೊಪ್ಪನೆ ಇಳಿದರೆ ಅಂಗಾಲಿಗೆ ಪೆಟ್ಟಾಗಿ ಆಣಿಯಂಥ ಕಪ್ಪು ಗಂಟು ಬರುತ್ತದೆ, ಅದು ಕೀವಾಗುತ್ತದೆ. ಕೋಲು ಗೇಣು ಎತ್ತರಕ್ಕಿಂತ ಜಾಸ್ತಿ ಬೇಡ. ರಾತ್ರಿ ದೀಪ ಆರಿಸಿ, ಅದಕ್ಕೂ ನಿದ್ದೆ ಬೇಕು. ಹಿಂಭಾಗದ ಪುಕ್ಕಕ್ಕೆ ಹಿಕ್ಕೆ ಅಂಟಿದ್ದರೆ ಬೆಚ್ಚನೆ ನೀರಲ್ಲಿ ತೊಳೆದು ಒರೆಸಿ. ಬಿಟ್ಟರೆ ನೊಣ ಮೊಟ್ಟೆ ಇಟ್ಟು ಹುಳ ಬೀಳುತ್ತದೆ.

ಬೇಸಿಗೆಯೇ ದೊಡ್ಡ ಶತ್ರು. ಕೋಳಿಗೆ ಬೆವರಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ನಾನು ಮೊದಲು ಸಾಕಿದ್ದ ಹುಂಜ ಹೋದದ್ದು ಒಂದು ಏಪ್ರಿಲ್ ಮಧ್ಯಾಹ್ನ, ಹೊಟ್ಟೆ ತುಂಬಾ ತಿಂದ ಒಂದು ಗಂಟೆಗೆ. ಹಾಕಿದ್ದು ನಾನೇ. ತಿಂದದ್ದು ಅರಗುವಾಗಲೂ ಮೈಯಲ್ಲಿ ಕಾವು ಹುಟ್ಟುತ್ತದೆ ಅಂತ ಆಗ ಗೊತ್ತಿರಲಿಲ್ಲ. ಬಿಸಿಲಿನ ಹೊತ್ತು ತಟ್ಟೆ ಎತ್ತಿಡಿ. ನೆರಳು, ಗಾಳಿ, ಮಡಕೆ ನೀರು ಇರಲಿ.

ಜುಟ್ಟು ನೇರಳೆ ಬಣ್ಣಕ್ಕೆ ತಿರುಗಿದರೆ, ಹೊಟ್ಟೆ ನೀರು ತುಂಬಿದ ಚೀಲದ ಹಾಗೆ ತೂಗಿದರೆ, ತಂಪು ಹೊತ್ತಲ್ಲೂ ಏದುಸಿರು ಬಿಟ್ಟರೆ ಕಾಯಬೇಡಿ, ಪಶು ಆಸ್ಪತ್ರೆಗೆ ಒಯ್ಯಿರಿ. ಹೃದಯ ಸೋತಾಗ ಹೊಟ್ಟೆಗೆ ನೀರು ಇಳಿಯುತ್ತದೆ. ಹೋದಾಗ ಕೊಕ್ಕರೆ ರೋಗದ (ರಾಣಿಖೇತ್ ಅಂತಲೂ ಕರೆಯುವ ಕೋಳಿ ರೋಗ) ಲಸಿಕೆಯ ಬಗ್ಗೆಯೂ ಕೇಳಿ.

ಎಷ್ಟು ದಿನ ಇರುತ್ತದೆ ಅಂತ ಬರೆದುಕೊಡಲು ಯಾರಿಗೂ ಆಗಲ್ಲ. ನಮ್ಮ ಹೇಂಟೆ ಎರಡು ಬೇಸಿಗೆ ಕಂಡಿತು, ಮೊಟ್ಟೆಯನ್ನೂ ಇಟ್ಟಿತು. ಮಗಳು ಇನ್ನೊಂದು ಮರಿ ಕೇಳಿದರೆ ನಾಟಿಯನ್ನೋ, ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಹುಟ್ಟಿದ ಗಿರಿರಾಜನನ್ನೋ ತನ್ನಿ. ಗಿರಿರಾಜನೂ ತೂಕದ ಕೋಳಿಯೇ, ಆದರೆ ಬಾಯ್ಲರ್‌ನಷ್ಟು ಅವಸರ ಅದಕ್ಕಿಲ್ಲ.